ನಲವತ್ತೈದು ಡಿಗ್ರಿ ಓಣಿ

ನನ್ನ ಮೂಗು ನಮ್ಮ ಮನೆಯಲ್ಲಿ ಎಲ್ಲರ ಬಾಯಿಗೆ ಬಿದ್ದ ಮೂಗು. ಮಾವ ಅದಕ್ಕೆ ‘ಪತ್ತೇದಾರ’ ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಎದ್ದು ನಾನು ಅಡುಗೆಮನೆಯ ಬಾಗಿಲಲ್ಲಿ ಮುಖ ಕಿವುಚಿದರೆ ಸಾಕು, ಹಜಾರದಿಂದ ಶುರುವಾಗುತ್ತಿತ್ತು: “ಬಂತಪ್ಪಾ ಪತ್ತೇದಾರರ ಸವಾರಿ! ಇವತ್ತೇನು ಸತ್ತಿದೆಯಂತೆ?” ನನ್ನ ಗಂಡ ಪೇಪರಿನ ಹಿಂದೆ ನಗುತ್ತಿದ್ದ. ನಾನು ಕಿಟಕಿ ತೆರೆದು, ಸಿಂಕಿಗೆ ಬಿಸಿನೀರು ಸುರಿದು, ಒರೆಸುವ ಬಟ್ಟೆಗಳನ್ನೆಲ್ಲ ಕುದಿಸಿ, ನೆಲಕ್ಕೆ ಫಿನಾಯಿಲ್ ಹಾಕಿ ಉಜ್ಜುತ್ತಿದ್ದೆ. ಸ್ವಲ್ಪ ಹೊತ್ತು ಫಿನಾಯಿಲ್ ವಾಸನೆ ಇರುತ್ತಿತ್ತು. ಆಮೇಲೆ ಅದರ ಕೆಳಗಿಂದ ಮತ್ತೆ ಅದೇ: ಕೊಳೆತ ಮೊಟ್ಟೆ, ಹಳಸಿದ ಎಣ್ಣೆ, ಜೊತೆಗೆ ಊಟದ ಹೊತ್ತಿನಲ್ಲಿ ಹೆಸರು ಹೇಳಬಾರದ ಇನ್ನೊಂದು.

ಫ್ರಿಜ್ಜಿನ ಮೂಲೆಯಲ್ಲಿ ಅದು ಜಾಸ್ತಿ. ಆ ಫ್ರಿಜ್ಜನ್ನು ಇಟ್ಟಿದ್ದ ಜಾಗವೂ ಒಂದು ಅಧ್ವಾನ. ಬಾಗಿಲು ಪೂರ್ತಿ ತೆರೆಯುವುದಿಲ್ಲ, ಗೋಡೆಗೆ ತಾಗುತ್ತದೆ. ಕೆಳಗಿನ ತರಕಾರಿ ಡಬ್ಬ ಎಳೆಯಬೇಕಾದರೆ ಸಂದಿಯಲ್ಲಿ ಕೈ ತೂರಿಸಿ ತಡಕಾಡಬೇಕು. ಎದುರು ಗೋಡೆಗೆ ಸರಿಸೋಣ ಎಂದು ಮದುವೆಯಾಗಿ ಬಂದ ಹೊಸದರಲ್ಲೇ ಹೇಳಿದ್ದೆ. ಮಾವ ಟೈಲ್ಸ್ ಕೂರಿಸುವ ಮೇಸ್ತ್ರಿಯಾಗಿದ್ದವರು. ನಾನು ಈ ಮನೆಗೆ ಬರುವ ಎಷ್ಟೋ ಮೊದಲೇ ಪಕ್ಕದ ಖಾಲಿ ಜಾಗವನ್ನು ಒಳಗೆ ಸೇರಿಸಿಕೊಂಡು ಅಡುಗೆಮನೆಯನ್ನು ತಮ್ಮ ಕೈಯಾರೆ ದೊಡ್ಡದು ಮಾಡಿದ್ದರು. “ಆ ಮೂಲೆ ಫ್ರಿಜ್ಜಿಗೆ ಅಂತಲೇ ಮಾಡಿದ್ದು. ಅದು ಅಲ್ಲಿಂದ ಅಲ್ಲಾಡಬಾರದು,” ಎಂದರು. ಹಿರಿಯರ ಹಟ, ಇರಲಿ ಎಂದು ಸುಮ್ಮನಾದೆ.

ಗಂಡನದು ಔಷಧಿ ಅಂಗಡಿ. ನನ್ನ ಗೊಣಗಾಟ ಹೆಚ್ಚಾದಾಗ ಅವನೇ ನನ್ನನ್ನು ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಎರಡೂ ಹೊಳ್ಳೆಗಳಿಗೆ ಟಾರ್ಚು ಬಿಟ್ಟು ನೋಡಿ, ಏನೂ ಇಲ್ಲ, ಕೆಲವರಿಗೆ ಇಲ್ಲದ ವಾಸನೆ ಬರುತ್ತದೆ ಎಂದರು. ಅವತ್ತಿನಿಂದ ಗಂಡ ಅಂಗಡಿಯಿಂದ ಒಂದು ಚಿಕ್ಕ ಬಾಟಲಿ ತರತೊಡಗಿದ. ಮಲಗುವ ಮುಂಚೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೂಗಿಗೆ ಹನಿ ಬಿಡುತ್ತಿದ್ದ. ಹನಿ ಗಂಟಲಿಗಿಳಿದು ಕೆಮ್ಮು ಬಂದರೆ ಬೆನ್ನು ತಟ್ಟುತ್ತಿದ್ದ. ಇಂಥ ಗಂಡ ಯಾರಿಗುಂಟು ಎಂದು ನನ್ನ ತಂಗಿಯ ಹತ್ತಿರ ಫೋನಿನಲ್ಲಿ ಕೊಚ್ಚಿಕೊಂಡಿದ್ದೆ ಕೂಡ.

ಇಂಥ ಮೂಗು ಇಟ್ಟುಕೊಂಡು ನಾನು ಕೆಲಸಕ್ಕೆ ಸೇರಿದ್ದು ಒಳಚರಂಡಿಯ ಕಂಪನಿಗೆ. ನಗಬೇಡಿ. ನನ್ನದು ಪ್ರೋಗ್ರಾಮ್ ಬರೆಯುವ ಕೆಲಸ, ಮೇಜಿನ ಮುಂದೆ ಕೂತು ಮಾಡುವಂಥದ್ದು, ಅಲ್ಲಿಗೆ ವಾಸನೆ ಬರುವುದಿಲ್ಲ ಎಂದುಕೊಂಡಿದ್ದೆ. ಊರಿನ ಚರಂಡಿ ಪೈಪುಗಳು ನೆಲದಡಿ ಎಲ್ಲೆಲ್ಲಿ ಹೋಗುತ್ತವೆ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹಳೆಯ ನಕ್ಷೆಗಳನ್ನು ಗೆದ್ದಲು ತಿಂದಿದೆ. ಹಾಗಾಗಿ ನಮ್ಮವರು ಮ್ಯಾನ್‌ಹೋಲಿನ ಮುಚ್ಚಳ ತೆಗೆದು, ನೀರನ್ನು ಪಂಪಿನಿಂದ ಹೀರಿ, ಕ್ಯಾಮೆರಾ ಕಟ್ಟಿದ ಪುಟ್ಟ ಗಾಲಿಗಾಡಿಯನ್ನು ಪೈಪಿನೊಳಗೆ ಬಿಡುತ್ತಾರೆ. ಅದು ಹೋಗುತ್ತಾ ಹೋಗುತ್ತಾ ಯಾವ ಕೋನಕ್ಕೆ ತಿರುಗಿದೆ, ಎಷ್ಟು ದೂರ ಬಂದಿದೆ ಎಂದು ಹೇಳುತ್ತದೆ. ಆ ಅಂಕಿಗಳನ್ನು ನಕ್ಷೆಯ ಮೇಲೆ ಚುಕ್ಕಿ ಮತ್ತು ಗೆರೆ ಮಾಡಿ, ಬಣ್ಣ ಹಚ್ಚಿ ತೋರಿಸುವುದು ನನ್ನ ಪಾಲಿಗೆ ಬಂದದ್ದು. ವಾಸನೆ ಬರಲಿಲ್ಲ, ನಿಜ. ಆದರೆ ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತರೆ ಪಕ್ಕದ ಪರದೆಯಲ್ಲಿ ಕೂದಲ ಸಿಂಬಿ, ಪೈಪಿನ ಗೋಡೆಗೆ ಮೆತ್ತಿದ ಹಳದಿ ಜಿಡ್ಡು, ಅದರ ಮೇಲೆ ಕೂತು ಕ್ಯಾಮೆರಾದತ್ತ ನೋಡುವ ಇಲಿ. ಮೊದಲ ತಿಂಗಳು ನಾನು ಊಟವನ್ನು ಹಾಗೇ ಮನೆಗೆ ವಾಪಸ್ ತರುತ್ತಿದ್ದೆ. ಆಮೇಲೆ ಪರದೆಗೆ ಬೆನ್ನು ಹಾಕಿ ತಿನ್ನುವುದು ರೂಢಿಯಾಯಿತು.

ನಮ್ಮ ಮ್ಯಾನೇಜರಿಗೆ ಆಫೀಸಿನಲ್ಲಿ ‘ಸರಿಸುಮಾರು’ ಎಂದೇ ಹೆಸರು. ಆತನ ಬಾಯಲ್ಲಿ ಬೇರೆ ಅಳತೆಯೇ ಇಲ್ಲ. ಕೆಲಸ ಎಷ್ಟಾಯಿತು ಎಂದರೆ ಸರಿಸುಮಾರು ಆಗಿದೆ, ತಪ್ಪು ಎಷ್ಟಿದೆ ಎಂದರೆ ಸರಿಸುಮಾರು ಇಲ್ಲ. ಬಿಸ್ಕತ್ತಿನ ಪುಡಿ ಬೆರಳಿಗೆ ಹತ್ತಿದರೆ ನೆಕ್ಕುತ್ತಾನೆ, ಅದೇ ಬೆರಳಿನಿಂದ ನಮ್ಮ ಪರದೆ ಮುಟ್ಟಿ “ಇಲ್ಲಿ ಸ್ವಲ್ಪ ನೋಡಿ” ಎನ್ನುತ್ತಾನೆ. ನಾನು ದಿನಾ ಸಂಜೆ ಪರದೆ ಒರೆಸಿಯೇ ಹೊರಡುವುದು. ಕಂಪನಿ ಶುರುವಾದಾಗ ಈತನೂ ಪ್ರೋಗ್ರಾಮ್ ಬರೆಯುತ್ತಿದ್ದನಂತೆ. ಆ ಕಾಲದ ಕುರುಹಾಗಿ ಉಳಿದಿದ್ದು ಒಂದೇ ಒಂದು ಫಂಕ್ಷನ್. ಕೋನ ಮತ್ತು ದೂರ ಕೊಟ್ಟರೆ ಹೊಸ ಜಾಗ ಎಲ್ಲಿದೆ ಎಂದು ಹೇಳುವುದು ಅದರ ಕೆಲಸ. ಗಾಡಿ ಇಲ್ಲಿಂದ ಹೊರಟು, ಈ ಕೋನದಲ್ಲಿ, ಇಷ್ಟು ದೂರ ಹೋಯಿತು, ಈಗ ಎಲ್ಲಿದೆ? ದೂರವನ್ನು ಕೋನದ ಕಾಸ್‌ನಿಂದ ಗುಣಿಸಿ ಎಕ್ಸ್‌ಗೆ ಕೂಡು, ಸೈನ್‌ನಿಂದ ಗುಣಿಸಿ ವೈಗೆ ಕೂಡು. ಹೈಸ್ಕೂಲಿನ ಲೆಕ್ಕ, ಪುಸ್ತಕದಲ್ಲಿರುವ ಹಾಗೇ ಇಳಿಸಿದ್ದು. ಆದರೂ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. “ಕಂಪನಿಯ ಹೃದಯ ಕಣ್ರೀ ಅದು,” ಎನ್ನುತ್ತಿದ್ದ.

ಆ ಗಾಡಿಯ ಅಂಕಿಗಳಿಂದ ನಕ್ಷೆ ಮಾಡುವ ಮೊದಲ ಪ್ರಯೋಗಕ್ಕೆ ಆರಿಸಿದ್ದು ನಮ್ಮ ಓಣಿಯನ್ನೇ. ಅಷ್ಟರಮಟ್ಟಿಗೆ ನಮ್ಮ ಓಣಿ ಹೆಸರುವಾಸಿ. ಓಣಿಯ ಕೊನೆಯ ಮುಚ್ಚಳ ಉಕ್ಕಿ, ಕಪ್ಪು ನೀರು ಮನೆಗಳ ಮೆಟ್ಟಿಲ ಬುಡದಲ್ಲಿ ಹರಿದು, ಜನ ಇಟ್ಟಿಗೆಯ ಮೇಲೆ ಕಾಲಿಟ್ಟುಕೊಂಡು ಓಡಾಡುತ್ತಿದ್ದ ದಿನಗಳವು. ಓಣಿ ಮಾತ್ರ ಗೆರೆ ಎಳೆದಷ್ಟು ನೇರ. ಉತ್ತರಕ್ಕೂ ಅಲ್ಲ, ಪೂರ್ವಕ್ಕೂ ಅಲ್ಲ, ಎರಡರ ನಟ್ಟನಡುವೆ ಹೋಗುತ್ತದೆ. ಪ್ರಯೋಗದ ದಿನ ಗಾಡಿ ಓಣಿಯುದ್ದಕ್ಕೂ ಹೋಯಿತು. ನಮ್ಮ ನಕ್ಷೆಯ ಚುಕ್ಕಿಗಳು ಒಂದೊಂದಾಗಿ ನಿಜವಾದ ಮುಚ್ಚಳಗಳ ಮೇಲೇ ಬಂದು ಕೂತವು. ನಗರಸಭೆಯವರು ಚಪ್ಪಾಳೆ ಹೊಡೆದರು. ನಮ್ಮ ‘ಸರಿಸುಮಾರು’ ಅದೇ ವಾರ ತನ್ನ ಕಾಸ್ ಸೈನ್ ಸೂತ್ರವನ್ನು ಎದೆಯ ಮೇಲೆ ಅಚ್ಚು ಹಾಕಿಸಿ ಎಲ್ಲರಿಗೂ ಟಿ-ಶರ್ಟ್ ಹಂಚಿದ. ಪ್ರತಿ ಬುಧವಾರ ಅದನ್ನು ಹಾಕಿಕೊಂಡೇ ಬರಬೇಕೆಂದು ಕಟ್ಟಪ್ಪಣೆ.

ಮಾರನೆಯ ವಾರ ಗಾಡಿಯನ್ನು ಉಕ್ಕುತ್ತಿದ್ದ ಆ ಕೊನೆಯ ಮುಚ್ಚಳದಿಂದ ಮುಂದಕ್ಕೆ ಬಿಟ್ಟರು. ಅಲ್ಲಿ ಪೈಪು ಓಣಿಯನ್ನು ಬಿಟ್ಟು ಒಂದು ಪಕ್ಕಕ್ಕೆ ಹೊರಳುತ್ತದೆ. ಗಾಡಿ ಸ್ವಲ್ಪ ದೂರ ಹೋಗಿ ನಿಂತಿತು. ಮುಂದೆ ಪೈಪಿನ ಬಾಯಿಯನ್ನೇ ಮುಚ್ಚಿದ ಒಂದು ಗಡ್ಡೆ: ವರ್ಷಗಟ್ಟಲೆ ಸಿಂಕುಗಳಿಗೆ ಸುರಿದ ಎಣ್ಣೆ ಹೆಪ್ಪುಗಟ್ಟಿ, ಅದಕ್ಕೆ ಕೂದಲು, ಬಟ್ಟೆ ಚೂರು ಸೇರಿ, ಬೂದು ಬಣ್ಣಕ್ಕೆ ತಿರುಗಿ, ಪರದೆಯ ತುಂಬ ಉಸಿರಾಡುತ್ತಿರುವಂತೆ ಅಲುಗುತ್ತಿತ್ತು. ಅವತ್ತು ಇಡೀ ಆಫೀಸು ಊಟ ಬಿಟ್ಟಿತು. ನಕ್ಷೆಯ ಮೇಲೆ ಆ ಚುಕ್ಕಿ ಬಂದು ಬಿದ್ದಿದ್ದು ನಮ್ಮ ಎದುರುಮನೆ ಹಾಸಿಗೆಯವನ ಹಿಂದಿನ ಕೋಣೆಯಲ್ಲಿ.

ಹಾಸಿಗೆಯವನು ಹತ್ತಿ ತುಂಬಿ ಹಾಸಿಗೆ ಹೊಲಿಯುವವನು. ಮುಂದೆ ಅಂಗಡಿ, ಹಿಂದೆ ಒಂದೇ ಕೋಣೆ, ಒಂಟಿ ಬಾಳು. ಅವನ ಮೇಲೆ ನನಗೆ ಯಾವ ಕನಿಕರವೂ ಇರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹೊಸ ಹತ್ತಿ ಎಂದು ಹೇಳಿ ಒಳಗೆ ಹಳೆಯ ಚಿಂದಿ ತುಂಬುತ್ತಾನೆ. ನಮ್ಮ ಮದುವೆಯ ಹಾಸಿಗೆಯೊಳಗೆ ಯಾರದೋ ಕಾಲುಚೀಲ ಸಿಕ್ಕಿತ್ತು. ಕೇಳಲು ಹೋದರೆ, “ಮೆತ್ತಗಿದೆಯೋ ಇಲ್ವೋ ಹೇಳಿ, ಒಳಗಿಂದು ಕಟ್ಕೊಂಡು ನಿಮಗೇನು?” ಎಂದಿದ್ದ. ಬಾಗಿಲಲ್ಲಿ ಕೂತು ಓಣಿಗೆ ಉಗುಳುತ್ತಾನೆ, ಹೋಗುವ ಬರುವ ಹೆಂಗಸರಿಗೆಲ್ಲ ಒಂದು ಮಾತು ಬಿಸಾಡುತ್ತಾನೆ. ಅವನನ್ನು ಕಂಡರೆ ನನಗಾಗುತ್ತಿರಲಿಲ್ಲ.

ಚರಂಡಿಯ ಮೇಲೆ ಕಟ್ಟಿದ ಕಟ್ಟಡವನ್ನು ಒಡೆಯಲೇಬೇಕು, ಅದಕ್ಕೆ ಅಪೀಲು ಇಲ್ಲ. ನಗರಸಭೆಯವರು ಅವನ ಬಾಗಿಲಿಗೆ ನೋಟಿಸು ಅಂಟಿಸಿದರು. ಗುರುವಾರ ಬೆಳಿಗ್ಗೆ ಯಂತ್ರ ಬರುತ್ತದೆ, ಅಷ್ಟರೊಳಗೆ ಖಾಲಿ ಮಾಡಬೇಕು. ಓಣಿಗೆ ಓಣಿಯೇ ಅವನ ಮೇಲೆ ಹರಿಹಾಯ್ದಿತು. ಇಷ್ಟು ದಿನ ನಾವು ಮೂಗು ಮುಚ್ಚಿಕೊಂಡು ಓಡಾಡಿದ್ದು ಇವನಿಂದಲೋ! ಯಾರೋ ಅವನ ಶಟರಿಗೆ ಅದೇ ಕಪ್ಪು ನೀರನ್ನು ಎರಚಿದರು. ಎಲ್ಲರಿಗಿಂತ ದೊಡ್ಡ ಗಂಟಲು ನಮ್ಮ ಮಾವನದು. ಓಣಿಯ ನಡುವೆ ಇಟ್ಟಿಗೆಯ ಮೇಲೆ ನಿಂತು, “ನಾಚಿಕೆ ಆಗಲ್ವೇನಯ್ಯಾ? ಸಾರ್ವಜನಿಕರ ಪೈಪಿನ ಮೇಲೆ ಹಾಸಿಗೆ ಹಾಕ್ಕೊಂಡು ಮಲಗ್ತೀಯಲ್ಲ!” ಎಂದು ಕೂಗಿದರು.

ಅವತ್ತು ಸಂಜೆ ಮಾವ ಸಿಹಿ ತಂದರು, ನನಗಾಗಿ. ನಾನು ಏನು ಕೆಲಸ ಮಾಡುತ್ತೇನೆಂದು ಅಲ್ಲಿಯವರೆಗೆ ಒಮ್ಮೆಯೂ ಕೇಳದವರು. “ಕಂಪ್ಯೂಟರ್ ಅಂದ್ರೆ ಕಂಪ್ಯೂಟರ್ ನೋಡಮ್ಮಾ. ಸುಳ್ಳು ಹೇಳಲ್ಲ,” ಎಂದು ತಮ್ಮ ಕೈಯಿಂದಲೇ ತಟ್ಟೆಗೆ ಹಾಕಿದರು. ನಾನು ಹಿಗ್ಗಿದೆ.

ಮಂಗಳವಾರ ಬೆಳಿಗ್ಗೆ ಆಫೀಸಿಗೆ ಹೊರಟವಳನ್ನು ಹಾಸಿಗೆಯವನು ಅಡ್ಡಗಟ್ಟಿದ. ಕೈಯಲ್ಲಿ ಹಾರೆ, ಮೈತುಂಬ ಮಣ್ಣು.

“ನಿನ್ನ ಕಂಪ್ಯೂಟರ್ ಹೇಳ್ತಂತಲ್ಲಾ. ಬಾ, ನೋಡು ಬಾ.”

“ದಾರಿ ಬಿಡಿ, ಬಸ್ಸು ಹೋಗುತ್ತೆ.”

“ಬಸ್ಸು ನಾಳೆನೂ ಬರುತ್ತೆ. ನನ್ನ ಮನೆ ಬರಲ್ಲ. ಬಾ ಅಂದ್ರೆ.”

ಮೂಗಿಗೆ ಸೆರಗು ಹಿಡಿದುಕೊಂಡೇ ಒಳಗೆ ಹೋದೆ. ಹಿಂದಿನ ಕೋಣೆಯ ಮಂಚವನ್ನು ಎತ್ತಿ ನಿಲ್ಲಿಸಿದ್ದ. ನೆಲವನ್ನು ತಾನೇ ಅಗೆದಿದ್ದ. ಆಳು ಇಳಿದರೆ ಎದೆಮಟ್ಟ ಬರುವಷ್ಟು ಗುಂಡಿ. ಕೆಳಗೆ ಒಣಮಣ್ಣು, ಪುಡಿಪುಡಿ, ಒಂದು ಹನಿ ತೇವವಿಲ್ಲ.

“ಎಲ್ಲಿದೆ ನಿನ್ನ ಪೈಪು? ಇನ್ನೂ ಕೆಳಗಿರಬೇಕು ಅಂತಾರೆ ನಗರಸಭೆಯವರು. ಎಷ್ಟು ಕೆಳಗೆ? ಪಾತಾಳದಲ್ಲಾ?”

ಪೈಪು ಎಷ್ಟು ಆಳದಲ್ಲಿದೆ ಎಂದು ನನಗೆ ಗೊತ್ತಿತ್ತು. ಅವನ ಗುಂಡಿ ಅದಕ್ಕಿಂತ ಕೆಳಗೆ ಹೋಗಿತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. ಮಾತಾಡಲು ಸೆರಗು ಕೆಳಗಿಳಿಸಿದ್ದೆ. ಅಲ್ಲಿ ವಾಸನೆಯೇ ಇರಲಿಲ್ಲ. ಹತ್ತಿಯ ಧೂಳು, ಹೊಲಿಗೆ ಯಂತ್ರದ ಎಣ್ಣೆ, ಆ ಮನುಷ್ಯನ ಬೆವರು. ಅದು ಬಿಟ್ಟರೆ ಬರಿ ಮಣ್ಣು. ಆ ಗಡ್ಡೆಯ ಮೇಲೆ ನಿಂತಿದ್ದರೆ ನನ್ನ ಪತ್ತೇದಾರ ಸುಮ್ಮನಿರಲು ಸಾಧ್ಯವೇ ಇರಲಿಲ್ಲ.

ಆಫೀಸಿಗೆ ಹೋದವಳೇ ಮುಟ್ಟಬಾರದ ಫಂಕ್ಷನ್ ತೆರೆದು ಕೂತೆ. ಸೂತ್ರ ಸರಿಯಾಗಿಯೇ ಇತ್ತು. ಬುಧವಾರಗಳಂದು ಎದುರು ಕೂತವನ ಟಿ-ಶರ್ಟಿನಲ್ಲಿ ಓದಿ ಓದಿ ಬಾಯಿಪಾಠವಾಗಿದ್ದ ಸೂತ್ರ. ಮೂರು ಸಲ ನೋಡಿದೆ, ತಪ್ಪು ಸಿಗಲಿಲ್ಲ. ಆಮೇಲೆ ಗಾಡಿಯ ಕೈಪಿಡಿ ತೆಗೆದು ಅದು ಕೋನವನ್ನು ಎಲ್ಲಿಂದ ಎಣಿಸುತ್ತದೆ ಎಂದು ಹುಡುಕಿದೆ. ಇಷ್ಟು ದಿನದಲ್ಲಿ ಒಬ್ಬರೂ ಕೇಳದಿದ್ದ ಪ್ರಶ್ನೆ ಅದು. ಗಾಡಿಯೊಳಗೆ ಇರುವುದು ದಿಕ್ಸೂಚಿ. ಅದಕ್ಕೆ ಉತ್ತರವೇ ಸೊನ್ನೆ. ಗೋಡೆ ಗಡಿಯಾರ ನೋಡಿಕೊಳ್ಳಿ: ದಿಕ್ಸೂಚಿ ಹನ್ನೆರಡರಿಂದ ಹೊರಟು ಮುಳ್ಳು ಹೋಗುವ ಕಡೆಗೇ ಎಣಿಸುತ್ತದೆ. ಶಾಲೆಯ ಪುಸ್ತಕದ ಸೂತ್ರ ಮೂರರಿಂದ ಹೊರಟು ಹಿಂದಕ್ಕೆ ಎಣಿಸುತ್ತದೆ. ಇಬ್ಬರೂ ಎದುರುಬದುರಾಗಿ ನಡೆದು ಬಂದು ಒಂದು ಕಡೆ ಸೇರುತ್ತಾರೆ, ಒಂದು ಮತ್ತು ಎರಡರ ನಟ್ಟನಡುವೆ. ಅದೇ ನಲವತ್ತೈದು ಡಿಗ್ರಿ, ಅದೇ ನಮ್ಮ ಓಣಿ.

ನನಗೆ ಮೈಯೆಲ್ಲ ಉರಿಯಿತು. ಈ ಮಹಾನುಭಾವರು ಇಡೀ ಊರಿನಲ್ಲಿ ಹುಡುಕಿ ಹುಡುಕಿ, ತಪ್ಪು ಲೆಕ್ಕವೂ ಸರಿಯಾಗಿ ಕಾಣುವ ಓಣಿಯಲ್ಲೇ ಪರೀಕ್ಷೆ ಮಾಡಿ ಚಪ್ಪಾಳೆ ಗಿಟ್ಟಿಸಿದ್ದರು. ಓಣಿಯ ಮೇಲಿನ ಚುಕ್ಕಿಗಳಿಗೆ ಏನೂ ಆಗಿರಲಿಲ್ಲ. ಆದರೆ ಓಣಿ ಬಿಟ್ಟು ಪಕ್ಕಕ್ಕೆ ಹೋದ ಪೈಪು ಕನ್ನಡಿಯಲ್ಲಿ ಕಂಡ ಹಾಗೆ ಆಚೆ ಪಕ್ಕಕ್ಕೆ ಹಾರಿತ್ತು. ಗಾಡಿ ಹೇಳಿದ ಕೋನ ಇಪ್ಪತ್ತು. ಅದನ್ನು ಪೂರ್ವದಿಂದ ಎಣಿಸಿ ನಾವು ಹೋಗಿದ್ದು ಉತ್ತರದಿಂದ ಎಪ್ಪತ್ತಕ್ಕೆ.

ನನ್ನ ಕಂಪ್ಯೂಟರಿನಲ್ಲಿದ್ದ ಪ್ರತಿಯಲ್ಲಿ ಕಾಸ್ ಇದ್ದಲ್ಲಿ ಸೈನ್, ಸೈನ್ ಇದ್ದಲ್ಲಿ ಕಾಸ್ ಬರೆದು ಓಡಿಸಿದೆ. ಕೆಂಪು ಗೆರೆ ಹಾಸಿಗೆಯವನ ಕೋಣೆ ಬಿಟ್ಟು, ಓಣಿ ದಾಟಿ, ಈಚೆ ಬಂದು ನಿಂತಿತು. ಯಾವ ಮನೆ ಎಂದು ನೋಡಲು ನಕ್ಷೆ ಹಿಗ್ಗಿಸಿದೆ. ನಮ್ಮ ಮನೆ, ಅದರ ಅಡುಗೆಮನೆ, ಅದರ ಹೊರಗೋಡೆಯ ಮೂಲೆ.

ಮೊದಲು ನನಗೆ ಸಂತೋಷವಾಯಿತು. ಯಾರು ನಂಬಲಿ ಬಿಡಲಿ, ಆಯಿತು. ನನ್ನ ಮೂಗು ಸರಿಯಿದೆ, ನನಗೆ ಇಲ್ಲದ ವಾಸನೆ ಬಂದಿಲ್ಲ ಎಂದು ಕುರ್ಚಿಯಲ್ಲೇ ಕೂತು ಮೇಜು ಗುದ್ದಿದೆ. ಆಮೇಲೆ ಫ್ರಿಜ್ಜು ನೆನಪಾಯಿತು. ಅದರೊಳಗಿನ ಹಾಲು, ಮೊಸರು, ನಿನ್ನೆಯ ಪಲ್ಯ. ಬಚ್ಚಲಿಗೆ ಓಡಿಹೋಗಿ ವಾಂತಿ ಮಾಡಿದೆ.

ಬುಧವಾರ ಬೆಳಿಗ್ಗೆ ಸರಿಸುಮಾರುವಿನ ಮುಂದೆ ನಿಂತೆ. ಸೂತ್ರವನ್ನು ಎದೆಯ ಮೇಲೆ ಹೊತ್ತು ಕೂತಿದ್ದ.

“ಸರ್, ಗಾಡಿ ಕೋನಾನ ಉತ್ತರದಿಂದ ಎಣಿಸುತ್ತೆ. ನಿಮ್ಮ ಫಂಕ್ಷನ್ ಪೂರ್ವದಿಂದ ಎಣಿಸುತ್ತೆ.”

“ಪ್ರಯೋಗದಲ್ಲಿ ಸರಿಯಾಗೇ ಬಂತಲ್ರೀ?”

“ಓಣಿ ನಲವತ್ತೈದು ಡಿಗ್ರಿಗಿದೆ ಸರ್. ನಲವತ್ತೈದಕ್ಕೆ ಸೈನೂ ಅಷ್ಟೇ, ಕಾಸೂ ಅಷ್ಟೇ. ಅಲ್ಲಿ ತಪ್ಪು ಮಾಡಿದ್ರೂ ಗೊತ್ತಾಗಲ್ಲ.”

ಆತ ತಲೆ ಬಗ್ಗಿಸಿ ತನ್ನ ಎದೆಯನ್ನೇ ಓದಿಕೊಂಡ. ಅರ್ಥವಾಯಿತು, ಅರ್ಥವಾಗಿದ್ದು ಕಿವಿಯ ತುದಿಯಲ್ಲಿ ಕಂಡಿತು. ಆದರೂ ತಲೆ ಎತ್ತಿ, “ಸರಿಸುಮಾರು ಹದಿನೈದು ಮೀಟರ್ ಆಚೀಚೆ. ಅಷ್ಟೊಂದೇನಲ್ಲ,” ಎಂದ.

“ಆ ಹದಿನೈದು ಮೀಟರಿನಾಚೆ ಒಬ್ಬನ ಮನೆ ಇದೆ ಸರ್. ನಾಳೆ ಒಡೀತಾರೆ.”

“ವರದಿ ಹೋಗಾಗಿದೆ. ನನ್ನ ಸಹಿ ಇದೆ. ಊರಿನ ಇಡೀ ಕೆಲಸ ನಮಗೆ ಸಿಗೋದು ಇದರ ಮೇಲೆ ನಿಂತಿದೆ. ನಾಳೆ ಒಂದಿನ ಕಳೀಲಿ. ಆಮೇಲೆ ಸದ್ದಿಲ್ಲದೆ ಸರಿ ಮಾಡಿಬಿಡೋಣ.”

“ಅಲ್ಲಿ ಅಗೆದ್ರೆ ಪೈಪು ಸಿಗಲ್ಲ.”

“ಸಿಗದಿದ್ರೆ ಹಳೆ ಪೈಪು ಕುಸಿದುಹೋಗಿದೆ ಅಂತ ಬರೆಯೋಣ. ಯಾರು ಇಳಿದು ನೋಡ್ತಾರೆ?” ಎಂದು ಬಿಸ್ಕತ್ತು ಕಚ್ಚಿದ. “ಅಂದ ಹಾಗೆ, ನಿಮ್ಮ ಲೆಕ್ಕದಲ್ಲಿ ಎಲ್ಲಿಗೆ ಬರುತ್ತೆ ಅದು?”

ತೋರಿಸಿದೆ. ಆ ನೆಕ್ಕಿದ ಬೆರಳನ್ನು ನಕ್ಷೆಯ ಮೇಲಿಟ್ಟು ವಿಳಾಸ ಓದಿದ. ವಸಡು ಕಾಣುವ ಹಾಗೆ ನಕ್ಕ.

“ಇದು ನಿಮ್ಮದೇ ಮನೆ ಅಲ್ವೇನಮ್ಮಾ? ಹಾಗಾದ್ರೆ ನಾನು ನಿಮಗೆ ಉಪಕಾರಾನೇ ಮಾಡ್ತಿದ್ದೀನಿ. ತಗೊಳ್ಳಿ, ಬಿಸ್ಕತ್ ತಗೊಳ್ಳಿ.”

ಆ ತಟ್ಟೆಯನ್ನು ಅವನ ಸೂತ್ರದ ಮೇಲೆ ಸುರಿಯಬೇಕಿತ್ತು. ಸುರಿಯಲಿಲ್ಲ. ಸುಮ್ಮನೆ ಹೊರಗೆ ಬಂದೆ. ಆ ಸುಮ್ಮನಿದ್ದುದರ ಬಗ್ಗೆ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಸಂಜೆ ಮನೆಗೆ ಬಂದಾಗ ಮಾವ ಹಜಾರದಲ್ಲಿ ಪೇಪರ್ ಹಾಸಿಕೊಂಡು ಕಾಲಿನ ಉಗುರು ಕತ್ತರಿಸುತ್ತಿದ್ದರು. ಗಂಡ ಅಂಗಡಿಯಿಂದ ಚಹಾಕ್ಕೆ ಬಂದಿದ್ದ. ನಾನು ಚೀಲವನ್ನೂ ಇಳಿಸದೆ ಅಡುಗೆಮನೆಗೆ ಹೋಗಿ ಫ್ರಿಜ್ಜಿಗೆ ಭುಜ ಕೊಟ್ಟೆ.

“ಏನೇ ಅದು?” ಎಂದ ಗಂಡ.

“ಫ್ರಿಜ್ ಸರಿಸ್ಬೇಕು. ಕೆಳಗೇನಿದೆ ನೋಡ್ಬೇಕು.”

ಹಜಾರದಲ್ಲಿ ಉಗುರು ಕತ್ತರಿಸುವ ಸದ್ದು ನಿಂತಿತು. ಮಾವ ಬಾಗಿಲಿಗೆ ಬಂದರು. ಕೆಳಗೆ ಏನಿರುತ್ತೆ, ನಿನಗೆ ತಲೆ ಕೆಟ್ಟಿದೆಯಾ ಎಂದು ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ.

“ಯಾರು ಹೇಳಿದ್ರು ನಿನಗೆ?”

ಅಲ್ಲಿಗೆ ಎಲ್ಲ ಗೊತ್ತಾಯಿತು. ಆದರೂ ಬಾಯಿಂದ ಕೇಳಬೇಕೆನಿಸಿತು. ಅವರೂ ಹೇಳಿದರು, ಯಾವ ಅಳುಕೂ ಇಲ್ಲದೆ. “ನಿಮ್ಮತ್ತೆ ಇದ್ದಾಗ ಇಲ್ಲಿ ತಿರುಗೋಕೆ ಜಾಗ ಇರ್ಲಿಲ್ಲಮ್ಮಾ. ಪಕ್ಕದ ಜಾಗ ಖಾಲಿ ಬಿದ್ದಿತ್ತು. ಒಂದು ಮುಚ್ಚಳ ಇತ್ತು, ಅಷ್ಟೇ. ಮೇಲೆ ಟೈಲ್ಸ್ ಕೂರಿಸಿದ್ರೆ ಯಾರಿಗೆ ಕಾಣುತ್ತೆ?”

“ವಾಸನೆ?”

“ಅಭ್ಯಾಸ ಆಗುತ್ತೆ. ನಮಗೆಲ್ಲ ಆಯ್ತು. ತಕರಾರು ನಿನ್ನದೊಂದೇ.”

ನಾನು ಗಂಡನ ಕಡೆ ತಿರುಗಿದೆ. “ನಿನಗೆ ಗೊತ್ತಿತ್ತಾ?”

ಅವನು ಚಹಾದ ಲೋಟದೊಳಗೆ ನೋಡಿದ. ಉತ್ತರ ಕೊಟ್ಟಿದ್ದು ಮಾವ, ಹೆಮ್ಮೆಯಿಂದ: “ಸಿಮೆಂಟು ಕಲಸಿ ಕೊಟ್ಟಿದ್ದೇ ಅವನು. ಆಗಿನ್ನೂ ಕಾಲೇಜು.”

“ಮತ್ತೆ ಆ ಡಾಕ್ಟರು? ಆ ಹನಿ ಔಷಧಿ?”

“ಬರೀ ಉಪ್ಪುನೀರು ಕಣೇ ಅದು,” ಎಂದ ಗಂಡ, ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ. “ಅದರಿಂದ ಏನೂ ತೊಂದರೆ ಇಲ್ಲ. ನಿನಗೆ ನೆಮ್ಮದಿ ಆಗ್ಲಿ ಅಂತ ಹಾಕ್ತಿದ್ದೆ.”

ನನಗೆ ಅಳು ಬರಲಿಲ್ಲ. ಅವನ ತೊಡೆಯ ಮೇಲೆ ತಲೆಯಿಟ್ಟು, ಕಣ್ಣು ಮುಚ್ಚಿ, ಹೊಳ್ಳೆ ಅರಳಿಸಿ ಮಲಗಿದ್ದ ನನ್ನ ಮುಖ ಕಣ್ಣೆದುರು ಬಂತು. ಮೇಲಿನಿಂದ ಅದನ್ನು ನೋಡುತ್ತಾ ಇವನಿಗೆ ಏನನಿಸುತ್ತಿತ್ತೋ. ಕೈ ತೊಳೆದುಕೊಳ್ಳಬೇಕೆನಿಸಿತು. ತೊಳೆಯಬೇಕಾದರೆ ಅದೇ ಸಿಂಕಿಗೆ ಹೋಗಬೇಕು.

“ಎದುರುಗಡೆಯವನ ಮನೆ ನಾಳೆ ಒಡೀತಾರೆ,” ಎಂದೆ.

“ಒಡೀಲಿ ಬಿಡು,” ಎಂದರು ಮಾವ. “ಅವನಿಗೇನು ಹೆಂಡ್ತಿಯಾ, ಮಕ್ಕಳಾ? ಎಲ್ಲಾದ್ರೂ ಹೋಗಿ ಬಿದ್ಕೋತಾನೆ. ನಮ್ಮನೆ ಒಡೆದ್ರೆ ನಾವೆಲ್ಲಿಗೆ ಹೋಗೋದು? ನೀನೂ ಇದೇ ಸೂರಿನಡಿ ಇರೋಳು ತಾನೆ?”

“ನೀನು ಸುಮ್ನಿದ್ರೆ ಸಾಕು,” ಎಂದ ಗಂಡ. “ಯಾರೂ ನಿನ್ನನ್ನ ಕೇಳಲ್ಲ.”

ಅದು ನಿಜವಾಗಿತ್ತು. ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಹಾಸಿಗೆಯವನಂಥ ಉಗುಳುವ, ಮೋಸಗಾರ ಮನುಷ್ಯ ಓಣಿಯಿಂದ ತೊಲಗಿದರೆ ನನಗೇ ಎಷ್ಟು ಹಿತ ಎಂಬ ಯೋಚನೆಯೂ ಬಂತು. ಇವರ ಜೊತೆ ಇದ್ದು ಇದ್ದು ಈ ಅಭ್ಯಾಸವೂ ಆಗಿಬಿಡುತ್ತದೆ ಎಂದು ಹೆದರಿಕೆಯಾಯಿತು.

ಗುರುವಾರ ಬೆಳಿಗ್ಗೆ ಯಂತ್ರ ಬಂತು. ಓಣಿಯ ಜನ ಕರವಸ್ತ್ರ ಕಟ್ಟಿಕೊಂಡು ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತರು. ಹಾಸಿಗೆಯವನು ತನ್ನ ಹಾಸಿಗೆಗಳನ್ನೆಲ್ಲ ಹೊರಗೆ ತಂದು, ಕಪ್ಪು ನೀರು ತಾಗದಂತೆ ಕುರ್ಚಿ ಬೆಂಚುಗಳ ಮೇಲೆ ಪೇರಿಸಿ, ತಾನು ಮಾತ್ರ ಹೊಸ್ತಿಲ ಮೇಲೆ ಕೂತಿದ್ದ. ಏಳು ಎಂದವರಿಗೆಲ್ಲ ಬಯ್ಯುತ್ತಿದ್ದ. ಬಯ್ದು ಬಯ್ದು ದನಿ ಬಿದ್ದುಹೋಗಿತ್ತು.

ನಾನು ನಗರಸಭೆಯ ಎಂಜಿನಿಯರಮ್ಮನ ಹತ್ತಿರ ಹೋಗಿ ಸರಿಪಡಿಸಿದ ನಕ್ಷೆ ತೋರಿಸಿದೆ. ಆಕೆ ನೋಡಿದಳು. “ಇದಕ್ಕೆ ಸಹಿ ಎಲ್ಲಿದೆ?” ಎಂದಳು. ಸಹಿ ಮಾಡಬೇಕಾದವನು ಆಚೆ ನಿಂತು ನಗರಸಭೆಯವರ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದ. “ಸಹಿ ಇರೋ ಕಾಗದ ಎದುರುಮನೆ ಅನ್ನುತ್ತೆ. ನಾನು ಅದನ್ನೇ ನೋಡಬೇಕು,” ಎಂದು ಆಕೆ ನನ್ನ ನಕ್ಷೆಯನ್ನು ಮಡಿಸಿ ಜೇಬಿಗೆ ಹಾಕಿ ಹೆಲ್ಮೆಟ್ಟಿನ ಪಟ್ಟಿ ಬಿಗಿದಳು. ಮಾವ ಮತ್ತು ಗಂಡ ಮುಂದಿನ ಸಾಲಿನಲ್ಲಿ ನಿಂತು ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ಒಳಗೆ ಬಂದೆ. ಫ್ರಿಜ್ಜಿನ ತಂತಿ ಕಿತ್ತೆ. ಅದಕ್ಕೆ ಬೆನ್ನು ಕೊಟ್ಟು, ಕಾಲನ್ನು ಗೋಡೆಗೆ ಒತ್ತಿ ತಳ್ಳಿದೆ. ಅದು ಕಿರುಗುಟ್ಟುತ್ತಾ ಸರಿಯಿತು. ಕೆಳಗಿನ ಟೈಲ್ಸು ಉಳಿದವಕ್ಕಿಂತ ಬೇರೆ ಬಣ್ಣಕ್ಕೆ ತಿರುಗಿತ್ತು, ಸಂದುಗಳೆಲ್ಲ ಕಪ್ಪಗೆ. ಬಾಗಿಲ ಹಿಂದೆ ಮಾವನ ಸುತ್ತಿಗೆ, ಉಳಿ, ಮೀಟುಗೋಲು ನೇತಾಡುತ್ತಿದ್ದವು, ದಿನಾ ಒರೆಸಿ ಇಡುತ್ತಿದ್ದ ಹತಾರಗಳು. ಹೊರಗೆ ಯಂತ್ರ ಗುರುಗುಟ್ಟಲು ಶುರುವಾಯಿತು. ನಾನು ಹೊಡೆದೆ. ಟೈಲ್ಸು ಸೀಳಿತು. ಕೆಳಗೆ ಸಿಮೆಂಟು, ನನ್ನ ಗಂಡ ಕಾಲೇಜಿನ ದಿನಗಳಲ್ಲಿ ಕಲಸಿದ್ದು, ತೆಳ್ಳಗೆ, ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಅದರಡಿ ದುಂಡನೆಯ ಕಬ್ಬಿಣದ ಮುಚ್ಚಳ. ಮೀಟುಗೋಲನ್ನು ಅಂಚಿಗೆ ತೂರಿಸಿ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದೆ.

ಮುಚ್ಚಳ ಎದ್ದು ಪಕ್ಕಕ್ಕೆ ಬಿತ್ತು. ನಮ್ಮ ನೆಲಕ್ಕೂ ಆ ನೀರಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಕಪ್ಪಗೆ, ದಪ್ಪಗೆ ನಿಂತಿತ್ತು. ಅದರ ಮೇಲೆ ಪರದೆಯಲ್ಲಿ ಕಂಡಿದ್ದ ಅದೇ ಬೂದು ಗಡ್ಡೆಯ ಬೆನ್ನು ತೇಲುತ್ತಿತ್ತು. ಜಿರಳೆಗಳು ಅಂಚು ಹತ್ತಿ ಬಂದು ನನ್ನ ಪಾದದ ಮೇಲೆ ಹರಿದು ಫ್ರಿಜ್ಜಿನಡಿ ಹೋದವು. ನಾನು ಸಿಂಕಿನ ಅಂಚು ಹಿಡಿದು ಓಕರಿಸಿದೆ. ಆದರೆ ಮೂಗು ಮುಚ್ಚಿಕೊಳ್ಳಲಿಲ್ಲ.

ಯಾರನ್ನೂ ಕರೆಯಬೇಕಾಗಲಿಲ್ಲ. ತೆರೆದಿದ್ದ ಬಾಗಿಲಿನಿಂದ ವಾಸನೆ ಹಜಾರ ದಾಟಿ ಓಣಿಗೆ ಹೋಯಿತು. ಹೊರಗಿನ ಗಲಾಟೆ ಇದ್ದಕ್ಕಿದ್ದಂತೆ ತಗ್ಗಿತು. ಯಂತ್ರ ನಿಂತಿತು. ಮೊದಲು ಒಳಗೆ ಬಂದಿದ್ದು ಎಂಜಿನಿಯರಮ್ಮ, ಕೈಯಿಂದ ಮುಖ ಮುಚ್ಚಿಕೊಂಡು. ಗುಂಡಿ ನೋಡಿದಳು. ನನ್ನ ನಕ್ಷೆಯನ್ನು ಜೇಬಿನಿಂದ ತೆಗೆದು ಮತ್ತೊಮ್ಮೆ ನೋಡಿದಳು. ಅವಳ ಹಿಂದೆ ಮಾವ, ಗಂಡ, ಟಿ-ಶರ್ಟಿನ ಕುತ್ತಿಗೆಯನ್ನು ಮೂಗಿನವರೆಗೆ ಎಳೆದುಕೊಂಡ ಸರಿಸುಮಾರು, ಅವರ ಹಿಂದೆ ಕಿಟಕಿ ಬಾಗಿಲು ತುಂಬ ಓಣಿಯ ಜನ.

“ಯಾರ್ರೀ ಇದನ್ನ ಮುಚ್ಚಿ ಕಟ್ಟಿದ್ದು?” ಎಂದಳು ಎಂಜಿನಿಯರಮ್ಮ.

“ಅಯ್ಯೋ, ನನಗೆ ಗೊತ್ತೇ ಇರ್ಲಿಲ್ಲಮ್ಮಾ!” ಎಂದರು ಮಾವ. ತಮ್ಮ ಸುತ್ತಿಗೆಯನ್ನು ನೆಲದ ಮೇಲೆ ಕಂಡು ಕಣ್ಣು ಸರಿಸಿದರು. “ನಾವು ತಗೊಳ್ಳೋಕೆ ಮುಂಚೆಯೇ ಯಾರೋ ಮಾಡಿರಬೇಕು.”

“ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ,” ಎಂದ ಗಂಡ. ಹೇಳುತ್ತಾ ನನ್ನನ್ನೇ ನೋಡಿದ. ಅದೇ ಮೆತ್ತಗಿನ ಮುಖ, ಬೆನ್ನು ತಟ್ಟುವಾಗಿನ ಮುಖ.

ಹಾಸಿಗೆಯವನು ಜನರನ್ನು ನೂಕಿಕೊಂಡು ಮುಂದೆ ಬಂದ. ಗುಂಡಿಯೊಳಗೆ ಇಣುಕಿದ. ಸ್ಟವ್ ನೋಡಿದ, ಸ್ಟವ್ ಮೇಲಿನ ಹಾಲಿನ ಪಾತ್ರೆ ನೋಡಿದ. ಅವನಂಥವನ ಮುಖವೂ ಹೇಸಿಗೆಯಿಂದ ಸೊಟ್ಟಗಾಯಿತು. ಉಗುಳಲು ಬಾಯಿ ತೆರೆದವನು, ಯಾಕೋ ನುಂಗಿಕೊಂಡ.

“ಇದರ ಮೇಲೆ ನಿಂತು ಅಡುಗೆ ಮಾಡ್ತಿದ್ಯಾ?” ಎಂದು ಬಿದ್ದುಹೋದ ದನಿಯಲ್ಲಿ ನನ್ನನ್ನು ಕೇಳಿದ. “ಇಷ್ಟು ವರ್ಷ ನಿನಗೆ ವಾಸನೇನೇ ಬರ್ಲಿಲ್ವೇನಮ್ಮಾ?”

ಎಲ್ಲರೂ ನನ್ನ ಕಡೆ ನೋಡಿದರು.

“ಬರ್ತಿತ್ತು,” ಎಂದೆ. “ಗಂಡ ಔಷಧಿ ಹಾಕ್ತಿದ್ರು.”